ತಂಗಿಯ ವ್ಯಾನಿನ ಎಂಜಿನ್

ಬೀದಿಯವರೆಲ್ಲ ಅವಳನ್ನು ವ್ಯಾನಕ್ಕ ಎನ್ನುತ್ತಿದ್ದರು. ನಿಜಕ್ಕೂ ಸಿಟ್ಟು ಬಂದಾಗ ವ್ಯಾನಕ್ಕ ಕೂಗಾಡುತ್ತಿರಲಿಲ್ಲ, ಮಾತು ಕಡಿಮೆ ಮಾಡುತ್ತಿದ್ದಳು. ಈ ಗುಟ್ಟು ಗೊತ್ತಿದ್ದವರು ಅವಳು ರೇಗಾಡುವಾಗ ನಗುತ್ತಿದ್ದರು, ಸುಮ್ಮನಾದಳೆಂದರೆ ಅಲ್ಲಿಂದ ಜಾಗ ಖಾಲಿ ಮಾಡುತ್ತಿದ್ದರು.

ಅವಳ ಕೆಲಸ ಬಟ್ಟೆ ಸಾಗಿಸುವುದು. ಎರಡು ಆಸ್ಪತ್ರೆ, ನಾಲ್ಕೈದು ಲಾಡ್ಜುಗಳ ಹಾಸಿಗೆ ಬಟ್ಟೆಯನ್ನು ಬೆಳಗ್ಗೆ ಗಂಟು ಕಟ್ಟಿ ಲಾಂಡ್ರಿಗೆ ತರುವುದು, ಮಧ್ಯಾಹ್ನ ಒಗೆದು ಮಡಿಸಿದ್ದನ್ನು ವಾಪಸ್ಸು ಮುಟ್ಟಿಸುವುದು. ಗಂಡ ಅದೇ ಲಾಂಡ್ರಿಯಲ್ಲಿ ಇಸ್ತ್ರಿ ಮೆಷೀನಿನ ಮುಂದೆ ನಿಲ್ಲುವವನು. ಮಾತು ಕಡಿಮೆ, ಬೆವರು ಜಾಸ್ತಿ. ಮದುವೆಯಾದ ಹೊಸತರಲ್ಲಿ ಅವಳೂ ಅಲ್ಲೇ ಚಾದರ ಮಡಿಸುತ್ತಿದ್ದಳು. ಲಾಂಡ್ರಿಯ ಡ್ರೈವರ್ ಒಂದು ದಿನ ಹೇಳದೆ ಕೇಳದೆ ಕೆಲಸ ಬಿಟ್ಟು ಹೋದಾಗ, "ನನಗೆ ಬರುತ್ತೆ" ಎಂದು ಕೀ ಎತ್ತಿಕೊಂಡವಳು ಮತ್ತೆ ಕೆಳಗಿಡಲಿಲ್ಲ. ಕೆಲವು ವರ್ಷಗಳ ಮೇಲೆ ಸ್ವಂತ ವ್ಯಾನೇ ಕೊಂಡಳು. ಹಳೆಯದು, ಆದರೆ ಗಟ್ಟಿ. ಅದೇ ಕಂಪನಿಯ, ಅದೇ ಎಂಜಿನ್ನಿನ ಒಂದು ಪಿಕಪ್ಪನ್ನು ಅವಳ ಅಣ್ಣನೂ ಅದೇ ದಿನ ಅದೇ ಮಾರಾಟಗಾರನಿಂದ ಕೊಂಡಿದ್ದ. "ಬಿಡಿಭಾಗ ಒಂದೇ ಆಗತ್ತೆ, ಸುಲಭ" ಎಂದಿದ್ದ.

ಅಣ್ಣ ಎಂಜಿನ್ ಮೇಸ್ತ್ರಿ. ಊರಿನ ಈ ತುದಿಯಿಂದ ಆ ತುದಿಯವರೆಗೆ ಎಂಜಿನ್ ಕೆಟ್ಟವರೆಲ್ಲ ಅವನ ಶೆಡ್ಡಿಗೇ ಬರುತ್ತಿದ್ದರು. ಅವನು ಕಟ್ಟಿದ ಎಂಜಿನ್ ಮತ್ತೆ ಬಿಚ್ಚಬೇಕಾದದ್ದು ಕಡಿಮೆ. ಅದರಲ್ಲಿ ಸುಳ್ಳಿಲ್ಲ, ತಂಗಿಯೇ ಒಪ್ಪುತ್ತಿದ್ದಳು. ಅವಳಿಗೆ ಸಿಟ್ಟು ಬರಿಸುತ್ತಿದ್ದದ್ದು ಅವನ ಕೈ ಅಲ್ಲ, ಬಾಯಿ. "ಹೊರಗಿನವರು ಕಾಯಲ್ಲ ಕಣೇ. ನೀನು ಮನೆಯವಳು."

ಈ ಮಾತನ್ನು ಅವಳು ಲಂಗ ಹಾಕುತ್ತಿದ್ದ ವಯಸ್ಸಿನಿಂದ ಕೇಳಿದ್ದಳು. ಬೀದಿಯ ಮಕ್ಕಳ ಸೈಕಲ್ಲೆಲ್ಲ ಅಣ್ಣನ ಕೈಯಲ್ಲಿ ರಿಪೇರಿಯಾಗಿ ಗಂಟೆ ಬಾರಿಸಿಕೊಂಡು ಹೋಗುತ್ತಿದ್ದರೆ, ಅವಳ ಸೈಕಲ್ಲಿನ ಚಕ್ರ ಬೇಸಿಗೆ ಮುಗಿಯುವ ತನಕ ಗೋಡೆಯ ಮೊಳೆಗೆ ನೇತಾಡುತ್ತಿತ್ತು. ಅವಳು ಶಾಲೆಗೆ ನಡೆದು ಹೋಗುತ್ತಿದ್ದಳು. ಅವಳ ಮದುವೆಯ ದಿನ ಅವಳನ್ನು ಕರೆದೊಯ್ಯಲು ಅಣ್ಣ ತರಬೇಕಾಗಿದ್ದ ಕಾರು ತಡವಾಗಿ ಬಂತು. ಯಾಕೆಂದರೆ ಅಣ್ಣ ದಾರಿಯಲ್ಲಿ ಇನ್ಯಾರದೋ ಮದುವೆಯ ಕಾರು ಕೆಟ್ಟು ನಿಂತದ್ದನ್ನು ನೋಡಿ, ಇಳಿದು, ತೋಳು ಮಡಿಸಿ ಅದನ್ನು ಸರಿಮಾಡುತ್ತಿದ್ದ. ಊರೆಲ್ಲ ಇದನ್ನು ಅವನ ದೊಡ್ಡ ಗುಣವೆಂದು ಹೇಳಿಕೊಂಡು ನಕ್ಕಿತು. ಅವಳೂ ನಕ್ಕಳು, ಅವತ್ತಿಗೆ.

ವ್ಯಾನು ಕೆಟ್ಟದ್ದು ಮೇಲುಸೇತುವೆಯ ಏರಿನಲ್ಲಿ. ಸೂಜಿ ಕೆಂಪಿಗೆ ಹತ್ತಿತು, ಹಿಂದಿನಿಂದ ಬಿಳಿ ಹೊಗೆ ಬಂತು. ಅವಳು ತಕ್ಷಣ ಬದಿಗೆ ತಂದು ಆಫ್ ಮಾಡಿದಳು. ಅಣ್ಣನೇ ಪಿಕಪ್ಪಿನಲ್ಲಿ ಬಂದು ಹಗ್ಗ ಕಟ್ಟಿ ಎಳೆದುಕೊಂಡು ಹೋದ. ಬಿಚ್ಚಿ ನೋಡಿದರೆ ಎಣ್ಣೆಗೆ ನೀರು ಬೆರೆತು ಹಾಲು ಹಾಕಿದ ಚಹಾದ ಹಾಗಾಗಿತ್ತು, ಪಿಸ್ಟನ್ ರಿಂಗುಗಳು ಹೋಗಿದ್ದವು.

"ಒಳ್ಳೇ ಹೊತ್ತಿಗೆ ಆಫ್ ಮಾಡಿದೀಯ" ಎಂದ ಅಣ್ಣ. "ಕ್ರ್ಯಾಂಕಿಗೆ ಒಂದು ಗೀರೂ ಬಿದ್ದಿಲ್ಲ. ಹದಿನೈದು ದಿನ ಕೊಡು, ಹೊಸದರ ಅಪ್ಪನ ಹಾಗೆ ಮಾಡ್ಕೊಡ್ತೀನಿ."

ಕ್ರ್ಯಾಂಕ್ ಎಂದರೆ ಎಂಜಿನ್ನಿನ ಬೆನ್ನುಮೂಳೆ. ಅದು ಉಳಿದರೆ ಅರ್ಧ ಎಂಜಿನ್ ಉಳಿದಂತೆ. ಅವಳು ನೆಮ್ಮದಿಯ ಉಸಿರು ಬಿಟ್ಟು ಮನೆಗೆ ಬಂದಳು.

ಹದಿನೈದು ದಿನವಾಯಿತು, ತಿಂಗಳಾಯಿತು. ಮೊದಲು ಇಟ್ಟಿಗೆ ಲಾರಿಯವನಿಗೆ ಅರ್ಜೆಂಟು. ಆಮೇಲೆ ಶಾಲೆಯ ಬಸ್ಸು, ಮಕ್ಕಳ ವಿಷಯ. ಆಮೇಲೆ ಹಾಲಿನ ಗಾಡಿ, ಹಾಲು ಒಡೆದು ಹೋಗುತ್ತದಲ್ಲ. ಅವಳು ಹೋದಾಗಲೆಲ್ಲ ಅಣ್ಣ ಎಣ್ಣೆ ಕೈಯನ್ನು ಬಟ್ಟೆಗೆ ಒರೆಸಿಕೊಂಡು, "ಈ ವಾರ ನಿಂದೇ" ಎನ್ನುತ್ತಿದ್ದ. ಅವಳ ವ್ಯಾನು ಶೆಡ್ಡಿನ ಮುಂದೆ ಹೊಟ್ಟೆ ಖಾಲಿಯಾಗಿ ನಿಂತಿತ್ತು. ಅದರ ಮೂತಿಯ ಮೇಲೆ ಬೀದಿ ಬೆಕ್ಕು ಮಲಗುವುದನ್ನು ಅಭ್ಯಾಸ ಮಾಡಿಕೊಂಡಿತ್ತು.

ಬಾಡಿಗೆ ಗಾಡಿಯೊಂದನ್ನು ಗೊತ್ತು ಮಾಡಿಕೊಂಡು ಹೇಗೋ ಕೆಲಸ ತೂಗಿಸುತ್ತಿದ್ದಳು. ಅದರ ಡ್ರೈವರ್ ಒಂದು ಸಿಗರೇಟಿನ ಬೆಂಕಿಯಲ್ಲೇ ಇನ್ನೊಂದನ್ನು ಹಚ್ಚುವವನು. ಒಂದು ಮಧ್ಯಾಹ್ನ ಆಸ್ಪತ್ರೆಯ ಹಿರಿಯ ನರ್ಸ್ ಗಂಟು ಬಿಚ್ಚಿ, ಚಾದರವನ್ನು ಮೂಗಿಗೆ ಹಿಡಿದು, ಮತ್ತೆ ಕಟ್ಟಿ ಅವಳ ಕಾಲ ಬಳಿ ಇಟ್ಟಳು. ಉಳಿದ ಗಂಟುಗಳನ್ನೂ ಹಾಗೇ ಇಟ್ಟಳು. ಅಷ್ಟನ್ನೂ ಮತ್ತೆ ಒಗೆಯಬೇಕಾಯಿತು. ಲಾಂಡ್ರಿ ಯಜಮಾನ ಅವಳನ್ನು ಕರೆದು, "ನಿನ್ನ ಮೇಲೆ ನನಗೇನೂ ಇಲ್ಲಮ್ಮ. ತಿಂಗಳು ಮುಗಿಯೋದ್ರೊಳಗೆ ನಿನ್ನ ಗಾಡಿ ಬರ್ಲಿ. ಇಲ್ಲಾಂದ್ರೆ ಬೇರೆಯವರನ್ನ ನೋಡ್ಬೇಕಾಗತ್ತೆ" ಎಂದ.

ಅವತ್ತೇ ಅವಳು ಮೊದಲೇ ಕಟ್ಟಿಟ್ಟ ರೆಡಿ ಎಂಜಿನ್ ಮಾರುವ ಅಂಗಡಿಗೆ ಹೋದಳು.

ಅಂಗಡಿಯ ನೆಲ ಅವಳ ಅಡುಗೆಮನೆಗಿಂತ ಚೊಕ್ಕಟವಾಗಿತ್ತು. ಮರದ ಚೌಕಟ್ಟುಗಳಲ್ಲಿ ಎಂಜಿನ್ನುಗಳು ಪ್ಲಾಸ್ಟಿಕ್ ಸುತ್ತಿಕೊಂಡು ಸಾಲಾಗಿ ಕೂತಿದ್ದವು. ಎಲ್ಲಕ್ಕೂ ಒಂದೇ ಬೂದು ಬಣ್ಣ, ತೂತುಗಳಿಗೆಲ್ಲ ಕೆಂಪು ಮುಚ್ಚಳ.

"ನಿಮ್ಮ ಮಾಡೆಲ್ಲು ಇದೆ" ಎಂದ ಅಂಗಡಿಯವನು. "ಗಾಡಿ ತಂದು ಬಿಟ್ರೆ ಮೂರನೇ ದಿನ ಓಡಿಸ್ಕೊಂಡು ಹೋಗಬಹುದು. ಒಂದು ವರ್ಷ ಗ್ಯಾರಂಟಿ."

"ಕಟ್ಟಿದ್ದು ಯಾರು?"

"ಫ್ಯಾಕ್ಟರಿ ಮೇಡಂ."

"ಫ್ಯಾಕ್ಟರಿಲಿ ಯಾರು?"

ಅವನಿಗೆ ಈ ಪ್ರಶ್ನೆ ಯಾರೂ ಕೇಳಿರಲಿಲ್ಲವೇನೋ. "ಎಲ್ರೂ ಸೇರಿ" ಎಂದ.

ಅವಳು ಪ್ಲಾಸ್ಟಿಕ್ಕಿನ ಮೇಲಿಂದಲೇ ಎಂಜಿನ್ನನ್ನು ಸವರಿ ನೋಡಿದಳು. ಇದು ಅಣ್ಣನ ಕೆಲಸದ ಸಮಕ್ಕೆ ಬರುವುದಿಲ್ಲ ಎಂದು ಮನಸ್ಸು ಹೇಳುತ್ತಿತ್ತು. ಹಾಗೆ ಹೇಳಿದ್ದಕ್ಕೆ ಮನಸ್ಸಿನ ಮೇಲೂ ಸಿಟ್ಟು ಬಂತು. ಇಲ್ಲಿ ಒಬ್ಬ ಅಪರಿಚಿತ ಮೂರನೇ ದಿನ ಎನ್ನುತ್ತಿದ್ದಾನೆ, ಅಲ್ಲಿ ಒಡಹುಟ್ಟಿದವನು ಈ ವಾರ ಎನ್ನುತ್ತಲೇ ಇದ್ದಾನೆ. "ಇದೇ ಇರಲಿ" ಎಂದಳು.

"ಒಂದೇ ಕಂಡೀಷನ್ನು. ಹಳೇ ಎಂಜಿನ್ ಪೂರ್ತಿ ನಮಗೆ ಕೊಡ್ಬೇಕು, ಫ್ಯಾಕ್ಟರೀಲಿ ಅದನ್ನೇ ಮತ್ತೆ ಕಟ್ತಾರೆ. ಬಿಚ್ಚಿದ್ರೂ ಪರವಾಗಿಲ್ಲ. ಆದ್ರೆ ಬ್ಲಾಕು, ಹೆಡ್ಡು, ಕ್ರ್ಯಾಂಕು ಎಲ್ಲಾ ಇರ್ಬೇಕು. ಅದಿಲ್ಲದೆ ಇದನ್ನ ಕೊಡೋ ಹಾಗಿಲ್ಲ."

ಸುದ್ದಿ ಅವಳಿಗಿಂತ ಮುಂಚೆ ತವರು ಮುಟ್ಟಿತು. ಅಣ್ಣನ ಮನೆಯಲ್ಲೇ ಇದ್ದ ತಾಯಿ ಫೋನ್ ಮಾಡಿದಳು. "ಅಣ್ಣ ಎಂಜಿನ್ ಮೇಸ್ತ್ರಿ, ತಂಗಿ ಅಂಗಡೀಲಿ ಎಂಜಿನ್ ತಗೊಂಡ್ಲು ಅಂದ್ರೆ ಅವನು ಬೀದೀಲಿ ಹೇಗೆ ಮುಖ ತೋರಿಸ್ಬೇಕೇ?"

"ನಾನು ಆಸ್ಪತ್ರೇಲಿ ಹೇಗೆ ಮುಖ ತೋರಿಸ್ತಿದೀನಿ ಅಂತ ಒಂದಿನ ಕೇಳಿದ್ಯಾಮ್ಮ?"

"ಒಂದು ಮಾತು ಅವನಿಗೆ ಹೇಳ್ಬಾರ್ದಿತ್ತಾ?"

"ಹೇಳಿ ಹೇಳಿ ನಾಲಿಗೆ ಸವೀತು" ಎಂದು ಅವಳು ಫೋನಿಟ್ಟಳು.

ಮರುದಿನ ಗಂಡನನ್ನೂ ಎರಡು ಗೋಣಿಚೀಲವನ್ನೂ ಕರೆದುಕೊಂಡು, ಅಂದರೆ ಗಂಡ ನಡೆದು ಬಂದ, ಚೀಲ ಅವನ ಹೆಗಲ ಮೇಲೆ ಬಂತು, ಶೆಡ್ಡಿಗೆ ಹೋದಳು. ಅಣ್ಣ ಮುಖ ಊದಿಸಿಕೊಂಡು ಯಾವುದೋ ನಟ್ಟನ್ನು ಉಜ್ಜುತ್ತಿದ್ದ. ಬಂದಿರಾ ಎಂದೂ ಕೇಳಲಿಲ್ಲ.

"ನನ್ನ ಎಂಜಿನ್ ತಗೊಂಡು ಹೋಗ್ತೀನಿ."

"ತಗೊಂಡು ಹೋಗು. ಡಬ್ಬದೊಳಗಿಂದ ಬಂದ ಎಂಜಿನ್ ಹಾಕ್ಸು. ಹುಟ್ಟು ಗೊತ್ತಿಲ್ಲ, ಕೈ ಗೊತ್ತಿಲ್ಲ. ಎರಡು ಮಳೆಗಾಲ ಓಡಿದ್ರೆ ನನ್ನ ಮೀಸೆ ಬೋಳಿಸ್ತೀನಿ."

ಅವಳು ಹುಡುಕಲು ಶುರು ಮಾಡಿದಳು. ಶೆಡ್ಡಿನಲ್ಲಿ ಚಿಕ್ಕಂದಿನಿಂದ ಲೈಟು ಹಿಡಿದು ನಿಂತವಳು, ಯಾವುದು ಯಾವುದೆಂದು ಅವಳಿಗೆ ಗೊತ್ತಿತ್ತು. ಬ್ಲಾಕು ಗೋಡೆಯ ಪಕ್ಕ ಸಿಕ್ಕಿತು. ಹೆಡ್ಡು ಬೆಂಚಿನ ಕೆಳಗೆ. ಪಿಸ್ಟನ್ನುಗಳು ತಗಡಿನ ತಟ್ಟೆಯಲ್ಲಿ ಧೂಳು ಕುಡಿದು ಕೂತಿದ್ದವು. ಭಾರದ ಬ್ಲಾಕೊಂದನ್ನು ಬಿಟ್ಟು ಉಳಿದದ್ದನ್ನು ಒಂದೊಂದಾಗಿ ಗಂಡ ಚೀಲಕ್ಕೆ ಇಳಿಸಿದ. ಕ್ರ್ಯಾಂಕ್ ಮಾತ್ರ ಕಾಣಲಿಲ್ಲ. ಅವಳು ಇನ್ನೊಮ್ಮೆ ಹುಡುಕಿದಳು. ಅಣ್ಣ ನಟ್ಟು ಉಜ್ಜುವುದನ್ನು ಜೋರು ಮಾಡಿದ.

"ಕ್ರ್ಯಾಂಕ್ ಎಲ್ಲಿ?"

"ಇದೆ."

"ಎಲ್ಲಿದೆ?"

"ಇದೆ ಅಂದ್ನಲ್ಲ. ಚೆನ್ನಾಗಿದೆ."

"ಎಲ್ಲಿ ಚೆನ್ನಾಗಿದೆ?"

ಅಣ್ಣ ನಟ್ಟನ್ನು ಕೆಳಗಿಟ್ಟ. "ಹಾಲಿನ ಗಾಡೀಲಿ. ಅವನದೂ ಇದೇ ಎಂಜಿನ್ನು, ಕ್ರ್ಯಾಂಕ್ ಮುರಿದು ಹೋಗಿತ್ತು. ಬೆಳಗಾದ್ರೆ ಅವನು ಹಾಲು ಹಾಕ್ಬೇಕು. ನಿಂದು ಇಲ್ಲಿ ಸುಮ್ನೆ ಬಿದ್ದಿತ್ತು. ನಮ್ಮದೇ ಅಲ್ವಾ, ಆಮೇಲೆ ಒಂದು ಹುಡುಕಿ ಹಾಕಿದ್ರಾಯ್ತು ಅಂತ..."

ವ್ಯಾನಕ್ಕ ಬಾಯಿ ಮುಚ್ಚಿದ್ದಳು. ಗಂಡ ಚೀಲವನ್ನು ಮೆಲ್ಲಗೆ ನೆಲಕ್ಕಿಟ್ಟು ಎರಡು ಹೆಜ್ಜೆ ಹಿಂದೆ ಸರಿದ. ಅವಳ ಕಣ್ಣ ಮುಂದೆ ದಿನಾ ಬೆಳಗ್ಗೆ ಲಾಂಡ್ರಿಯ ಮುಂದೆ ಭರ್ರನೆ ಹೋಗುತ್ತಿದ್ದ ಹಾಲಿನ ಗಾಡಿ ಬಂತು. ಅದರ ದಾರಿಯಿಂದ ತಾನು ಬದಿಗೆ ಸರಿದು ನಿಂತದ್ದು, ಬಾಡಿಗೆ ಗಾಡಿಗೆ ಕಾಯುತ್ತ ನಿಂತದ್ದು. ತನ್ನ ವ್ಯಾನಿನ ಬೆನ್ನುಮೂಳೆ ಅದರೊಳಗೆ ತಿರುಗುತ್ತಿತ್ತು. ಅಲ್ಲಿದ್ದ ಸ್ಪಾನರನ್ನು ಎತ್ತಿ ಎಸೆಯಬೇಕೆನಿಸಿತು. ಎಸೆಯಲಿಲ್ಲ. ಹೊರಗೆ ನೆರಳಲ್ಲಿ ನಿಂತಿದ್ದ ಅಣ್ಣನ ಪಿಕಪ್ಪಿನ ಕಡೆಗೆ ಬೆರಳು ತೋರಿಸಿದಳು.

"ಅದರ ಎಂಜಿನ್ ಇಳಿಸು."

"ಏನಂದೆ?"

"ನನ್ನದೂ ಅದೇ ಎಂಜಿನ್ನು. ಅದನ್ನ ಅವರಿಗೆ ಕೊಡ್ತೀನಿ. ಇಳಿಸು."

"ತಲೆ ಕೆಟ್ಟಿದೆಯಾ ನಿನಗೆ? ನನ್ನ ಗಾಡಿ ಕಣೇ ಅದು. ನಾನು ಸಾಮಾನು ತರೋದು ಹೇಗೆ?"

"ಬಾಡಿಗೆ ಗಾಡಿ ಸಿಗತ್ತೆ. ಡ್ರೈವರ್ ಸ್ವಲ್ಪ ಸಿಗರೇಟು ಸೇದ್ತಾನೆ."

ಅಣ್ಣನ ಮುಖ ಕೆಂಪಾಯಿತು. ಅವನು ಕೂಗಿದ, ತಾಯಿ ಮನೆಯಿಂದ ಹೊರಗೆ ಬಂದು ಇಬ್ಬರಿಗೂ ಕೈ ಮುಗಿಯುವವಳಂತೆ ನಿಂತಳು. ಪಕ್ಕದ ಟೈರ್ ಅಂಗಡಿಯವರು ಕೆಲಸ ಬಿಟ್ಟು ನೋಡಿದರು. ಅಷ್ಟರಲ್ಲಿ ಅತ್ತಿಗೆ ಒದ್ದೆ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದಳು. ಗಂಡನ ಕೆಲಸದ ವಿಷಯದಲ್ಲಿ ಎಂದೂ ತುಟಿ ಬಿಚ್ಚಿದವಳಲ್ಲ.

"ಇಳಿಸಿಕೊಡಿ" ಎಂದಳು.

"ನಿನಗೇನೂ ಗೊತ್ತಾಗಲ್ಲ, ಒಳಗೆ ಹೋಗು."

"ಗಾಡಿ ನನ್ನ ಹೆಸರಲ್ಲಿದೆ. ನಾನು ಹೇಳ್ತಿದೀನಿ, ಇಳಿಸಿಕೊಡಿ. ಸೋರೋ ಅಡುಗೆಮನೆ ನಲ್ಲಿಗೆ ನಾನು ಬಟ್ಟೆ ಸುತ್ತಿ ಸುತ್ತಿ ಎಷ್ಟು ಸೀರೆ ಹರಿದಿದೀನಿ ಗೊತ್ತಾ ನಿಮಗೆ? ಊರ ಗಾಡಿಗಳೆಲ್ಲ ಓಡ್ತಿವೆ. ನಮ್ಮನೇಲಿ ಒಂದು ನಲ್ಲಿ ನಿಲ್ಲಲ್ಲ."

ಟೈರ್ ಅಂಗಡಿಯಲ್ಲಿ ಯಾರೋ ನಕ್ಕರು. ಅಣ್ಣ ಆ ಕಡೆ ತಿರುಗಿ ನೋಡಿದ, ಈ ಕಡೆ ಹೆಂಡತಿಯನ್ನು ನೋಡಿದ. ಆಮೇಲೆ ಸರಪಳಿ ಎಳೆದುಕೊಂಡು ಪಿಕಪ್ಪಿನ ಹತ್ತಿರ ಹೋದ. ಎಂಜಿನ್ ಇಳಿಸುವಷ್ಟೂ ಹೊತ್ತು ಪ್ರತಿ ಬೋಲ್ಟನ್ನೂ ಬಿಚ್ಚಿ ತಟ್ಟೆಗೆ ಎಸೆಯುವಾಗ ಬೀದಿಗೆಲ್ಲ ಕೇಳುವಂತೆ ಎಸೆದ. ವ್ಯಾನಕ್ಕ ಒಂದು ಖಾಲಿ ಡಬ್ಬದ ಮೇಲೆ ಕೂತು, ಕಣ್ಣು ತೆಗೆಯದೆ ಕಾದಳು. ಗೋಣಿಚೀಲದ ಸಾಮಾನನ್ನು ಅಲ್ಲೇ ಸುರಿದು, "ಇದೆಲ್ಲ ಇನ್ನು ನಿಂದು" ಎಂದಳು.

ಪಿಕಪ್ಪಿನ ಎಂಜಿನ್ನನ್ನು ವ್ಯಾನಿಗೆ ಹೇರಿ, ಬಾಡಿಗೆ ಗಾಡಿಗೆ ಹಗ್ಗ ಕಟ್ಟಿಸಿ ಅಂಗಡಿಗೆ ಎಳೆಸಿದಳು. ರೆಡಿ ಎಂಜಿನ್ ವ್ಯಾನಿಗೆ ಕೂತಿತು. ಅಂಗಡಿಯವನು ಮೂರನೇ ದಿನ ಎಂದವನು ನಾಲ್ಕನೇ ದಿನ ಕೊಟ್ಟ, ಅದಕ್ಕೂ ಕ್ಷಮೆ ಕೇಳಿದ. ಕ್ಷಮೆ ಕೇಳಿಸಿಕೊಂಡು ಅಭ್ಯಾಸವಿಲ್ಲದ ಅವಳು ಗಡಿಬಿಡಿಯಲ್ಲಿ ಕೀ ಇಸಿದುಕೊಂಡು ಬಂದಳು. ಎಂಜಿನ್ ಚೆನ್ನಾಗಿಯೇ ಓಡಿತು. ಏರಿನಲ್ಲಿ ಒಂಚೂರು ಮಂಕು, ಗೇರ್ ಇಳಿಸಿದರೆ ಹತ್ತುತ್ತಿತ್ತು. ಆಸ್ಪತ್ರೆಯ ನರ್ಸ್ ಗಂಟನ್ನು ಮೂಸಿ ನೋಡಿ ಒಳಗೆ ತೆಗೆದುಕೊಂಡಳು.

ಆಮೇಲೆ ಒಂದು ಮಧ್ಯಾಹ್ನ ಅವಳು ಲಾಂಡ್ರಿಯ ಗೇಟಿನಲ್ಲಿ ಗಂಟು ಹೇರುತ್ತಿದ್ದಾಗ ಅಣ್ಣನ ಪಿಕಪ್ಪು ಬಂದು ನಿಂತಿತು. ಅವನು ಎಂಜಿನ್ ಆಫ್ ಮಾಡದೆ ಇಳಿದ. ಅವಳ ಕಿವಿ ತಾನಾಗಿಯೇ ಆ ಕಡೆ ಹೋಯಿತು. ತಬಲಾ ಶ್ರುತಿಗೆ ಕೂತ ಹಾಗೆ ಒಂದೇ ಸಮ, ಎಲ್ಲೂ ಒಂದು ಎಡವು ಇಲ್ಲ. ಇಂಥ ಸದ್ದನ್ನು ಈ ಊರಲ್ಲಿ ಒಬ್ಬನೇ ಕಟ್ಟಬಲ್ಲ.

"ನಿನ್ನ ಬ್ಲಾಕೇ" ಎಂದ ಅಣ್ಣ. ಮುಖದಲ್ಲಿ ಚಿಕ್ಕಂದಿನ ಜಂಬ. "ಗುಜರಿಯಿಂದ ಒಂದು ಕ್ರ್ಯಾಂಕ್ ತಂದು ಲೇತಿಗೆ ಹಾಕಿ ಉಜ್ಜಿಸ್ದೆ. ಹೆಡ್ಡು ಸಮ ಮಾಡಿಸ್ದೆ, ಹೊಸ ಪಿಸ್ಟನ್ನು ಹಾಕ್ದೆ. ಕೇಳು, ಹೇಗಿದೆ ಕೇಳು."

ಅವಳು ಗಂಟನ್ನು ಎದೆಗೆ ಒತ್ತಿ ಹಿಡಿದುಕೊಂಡು ಕೇಳಿದಳು. "ಎಷ್ಟು ದಿನ ಹಿಡೀತು?"

"ಐದೇ ದಿನ" ಎಂದ ಅಣ್ಣ, ಹೆಮ್ಮೆಯಿಂದ.

ಹೇಳಿದ ಮೇಲೆ ಅವನಿಗೆ ತಾನೇನು ಹೇಳಿದೆನೆಂದು ಹೊಳೆಯಿತು. ಜಂಬ ಮೆಲ್ಲಗೆ ಇಳಿಯಿತು. ಗಂಟೊಂದನ್ನು ಎತ್ತಿಕೊಡಲು ಬಗ್ಗಿದ. ಅವಳು ಅದನ್ನು ಅವನ ಕೈಯಿಂದ ಬಿಡಿಸಿಕೊಂಡು ತಾನೇ ಒಳಗಿಟ್ಟಳು, ಹಿಂಬಾಗಿಲು ಹಾಕಿ ಚಿಲಕ ಒತ್ತಿದಳು.

"ಅತ್ತಿಗೆಯ ನಲ್ಲಿ?" ಎಂದು ಕೇಳಿದಳು.

ಅಣ್ಣ ನೆಲ ನೋಡಿದ. "ಈ ವಾರ" ಎಂದ.

ಅವಳು ವ್ಯಾನು ಹತ್ತಿ ಕೀ ತಿರುಗಿಸಿದಳು. ಬೂದು ಎಂಜಿನ್ ತನ್ನ ಸಾಮಾನ್ಯ ದನಿಯಲ್ಲಿ ಎದ್ದಿತು. ಆಸ್ಪತ್ರೆಗೆ ಹೊತ್ತಾಗಿತ್ತು. ಅಣ್ಣ ಏನೋ ಹೇಳುತ್ತಿದ್ದ. ಅವಳು ಕಿಟಕಿಯ ಗಾಜು ಏರಿಸಿಕೊಂಡು ಗೇಟು ದಾಟಿದಳು.