ಹಿಂದೆ ನಿಂತು ಹೇಳಿದ ಪಾಠ

ಮಗಳ ಓದಿಗಾಗಿ ಮಯಿಲ್‌ಸಾಮಿಯಷ್ಟು ಒದ್ದಾಡಿದ ಅಪ್ಪನನ್ನು ನಾನು ಬೇರೆಲ್ಲೂ ಕಂಡಿಲ್ಲ. ಅವನಷ್ಟು ನನ್ನ ಹೊಟ್ಟೆ ಉರಿಸಿದವರೂ ಇಲ್ಲ.

ಕೊಯಮತ್ತೂರಿನ ಗಣಪತಿ ಎಂಬ ಬಡಾವಣೆಯಲ್ಲಿ ಅವನ ಮನೆಯ ಮಹಡಿಯಲ್ಲಿ ನಾವು ಬಾಡಿಗೆಗಿದ್ದೆವು. ನನ್ನ ಗಂಡನಿಗೆ ಮೈಸೂರಿನಿಂದ ಇಲ್ಲಿನ ಪಂಪಿನ ಕಾರ್ಖಾನೆಗೆ ವರ್ಗವಾಗಿತ್ತು. ಕೆಳಗೆ ಮಯಿಲ್‌ಸಾಮಿಯ ಸಂಸಾರ, ಮನೆಗೆ ಅಂಟಿಕೊಂಡಂತೆ ಅವನ ಮೋಟಾರು ರಿಪೇರಿ ಅಂಗಡಿ. ಅವರ ಮನೆಮಾತು ಕನ್ನಡ. ಯಾವ ಕಾಲದಲ್ಲಿ ಈ ಕಡೆ ಬಂದರೋ ಅವರಿಗೇ ನೆನಪಿಲ್ಲ. ಕನ್ನಡ ಅಕ್ಷರ ಯಾರಿಗೂ ಬಾರದು, ಮಾತು ಪೂರ್ತಿ ತಮಿಳಿನ ರಾಗದಲ್ಲಿ. ನಾವು ಸಾಮಾನು ಇಳಿಸಿದ ದಿನ ಅವನ ತಾಯಿ ಜಾನಮ್ಮ ಮೆಟ್ಟಿಲ ಬಳಿ ನನ್ನ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡು, ಇಡೀ ಬೀದಿಗೆ ಕೇಳುವಂತೆ, "ನೀನೂ ನಮ್ ಮಾತೇ ಆಡೋದಾ ಕಣ್ಣು?" ಎಂದಳು. ಕಣ್ಣು, ಅಮ್ಮಿಣಿ, ಇವು ಆ ಕಡೆಯ ಮುದ್ದಿನ ಕರೆಗಳು.

ಗಲ್ಲ ಹಿಡಿಯುವುದು ಆಕೆಯ ಪದ್ಧತಿ. ಪ್ರಾಯವನ್ನೆಲ್ಲ ಪಲ್ಲಡದ ಕಡೆಯ ಪವರ್‌ಲೂಮ್ ಶೆಡ್ಡಿನಲ್ಲಿ ಕಳೆದವಳು. ಮಗ್ಗಗಳ ಆರ್ಭಟಕ್ಕೆ ಕಿವಿ ಅರ್ಧ ಹೋಗಿತ್ತು. ಹಾಗಾಗಿ ಎದುರಿನವರ ಬಾಯಿ ಕಾಣಬೇಕು, ತಾನೂ ಗಂಟಲು ಹರಿಯುವಂತೆ ಮಾತಾಡಬೇಕು. ಮುದ್ದಿನ ಮೊಮ್ಮಗಳು ಧರಣಿಯ ಗಲ್ಲವಂತೂ ದಿನವಿಡೀ ಅಜ್ಜಿಯ ಕೈಯಲ್ಲೇ ಇರುತ್ತಿತ್ತು. "ಅಮ್ಮಿಣಿ, ಇತ್ಲಾಗೆ ನೋಡು. ಇದೇನು? ಅನ್ನ. ಅನ್ನ ಅನ್ನು," ಎಂದು ಜಾನಮ್ಮ ಕಿರುಚುವುದು, "ಅನ್ನ," ಎಂದು ಮಗು ಹೇಳುವುದು, ಇದು ಮಹಡಿಯ ಅಡುಗೆಮನೆಗೂ ಕೇಳುತ್ತಿತ್ತು. ಹಾಲು, ಬಾ, ಬೇಡ, ಅಜ್ಜಿ. ಆ ಮಗುವಿಗಿದ್ದ ನಾಲ್ಕಾರು ಮಾತೂ ಕನ್ನಡವೇ.

ಧರಣಿಗೆ ಆಗಾಗ ನೆಗಡಿ, ಕಿವಿ ಸೋರುವುದು. ತಾಯಿ ಸುಗಂಧಿ ತೆಂಗಿನೆಣ್ಣೆಯಲ್ಲಿ ಬೆಳ್ಳುಳ್ಳಿ ಕಾಯಿಸಿ ಬಿಡುತ್ತಿದ್ದಳು. ಸೋರುವುದು ನಿಂತಿತು ಎಂದರೆ ವಾಸಿಯಾಯಿತು ಎಂದು ಲೆಕ್ಕ.

ಇಂಗ್ಲಿಷ್ ಮೀಡಿಯಂ ಶಾಲೆಗೆ ಸೇರಿಸಿದ ವರ್ಷವೇ ಟೀಚರಮ್ಮ ಮಯಿಲ್‌ಸಾಮಿಯನ್ನು ಕರೆಸಿದರು. ಏನು ಹೇಳಿದರೂ ಹುಡುಗಿ ಸುಮ್ಮನೆ ಕೂತಿರುತ್ತಾಳೆ, ಪಾಠ ಹೋಗಲಿ, ಹೆಸರು ಕರೆದರೂ ಏಳುವುದಿಲ್ಲ, ಮನೆಯಲ್ಲಿ ಯಾವ ಭಾಷೆ ಎಂದು ಕೇಳಿದರು. ಕನ್ನಡ ಎಂದ ಕೂಡಲೇ ಅವರ ಚಿಂತೆ ತೀರಿತು. ಮನೆಯಲ್ಲೊಂದು, ಶಾಲೆಯಲ್ಲೊಂದು, ಮಗುವಿಗೆ ಕೊಳಪ್ಪ. ತರಗತಿಯಲ್ಲಿ ಇಂಗ್ಲಿಷನ್ನೂ ತಮಿಳಿನಲ್ಲೇ ಬಿಡಿಸಿ ಹೇಳುತ್ತೇವೆ, ಇನ್ನು ಮೇಲೆ ಮನೆಯಲ್ಲೂ ತಮಿಳೇ ಆಡಿ ಎಂದು ಹೇಳಿ ಕಳಿಸಿದರು. ಕೊಳಪ್ಪ ಎಂದರೆ ಗೊಂದಲ. ಆ ಮಾತನ್ನು ಮಯಿಲ್‌ಸಾಮಿ ದೇವರ ಅಪ್ಪಣೆಯಂತೆ ತಲೆಯ ಮೇಲೆ ಹೊತ್ತು ಮನೆಗೆ ತಂದ.

ತಂದವನು ಪರೀಕ್ಷೆಯನ್ನೂ ಮಾಡಿದ. ನಾನು ನೋಡುತ್ತಿದ್ದಂತೆಯೇ ಬಾಗಿಲಲ್ಲಿ ನಿಂತು, ಒಳಗೆ ಆಡುತ್ತಿದ್ದ ಮಗಳನ್ನು ತಮಿಳಿನಲ್ಲಿ ಕರೆದ. ಅವಳು ತಿರುಗಲಿಲ್ಲ. ಆಮೇಲೆ ತಾಯಿಗೆ ಸನ್ನೆ ಮಾಡಿದ. ಜಾನಮ್ಮ ಹೋಗಿ ಗಲ್ಲ ಹಿಡಿದು, "ಬಾ ಅಮ್ಮಿಣಿ, ಹಾಲು ಕುಡಿ," ಎಂದಳು. ಹುಡುಗಿ ನಕ್ಕು ಎದ್ದು ಬಂದಳು.

"ನೋಡುದ್ರಾ ಅಕ್ಕಾ?" ಎಂದ ಮಯಿಲ್‌ಸಾಮಿ. "ತಮಿಳು ಒಳಕ್ಕೇ ಓಗಲ್ಲ. ಕನ್ನಡ ಇಡಂ ಇಡ್ಕಂಡು ಕೂತದೆ. ಅದ ಕಾಲಿ ಮಾಡ್ಬೇಕು."

"ನನ್ನ ಮಕ್ಕಳು ಮೂರು ಭಾಷೆ ಆಡ್ತಾವೆ. ಯಾವುದೂ ಯಾವುದರ ಜಾಗಾನೂ ಹಿಡಿದಿಲ್ಲ," ಎಂದೆ ನಾನು.

"ನಿಮ್ದು ಬೇರೆ ಅಕ್ಕಾ. ನಿಮ್ಗೆ ಎಳ್ತೂ ಬತ್ತದೆ. ನಮ್ಗೆ ಈ ಮಾತು ಏನು ಸೋರು ಆಕ್ತದೆ?"

ಎಳ್ತು ಎಂದರೆ ಬರಹ, ಸೋರು ಎಂದರೆ ಅನ್ನ. ಅವನ ಮಾತಿನ ಹಿಂದೆ ಹಳೆಯ ಗಾಯವಿತ್ತು. ಶಾಲೆಯಲ್ಲಿ ಅವನ ತಮಿಳು ಕೇಳಿ ಹುಡುಗರು ನಗುತ್ತಿದ್ದರಂತೆ. ತಮಿಳು ಮೇಷ್ಟರು ಅವನನ್ನು ಎದ್ದು ನಿಲ್ಲಿಸಿ ಒಂದು ಪದ್ಯ ಓದಿಸಿ, ಇಡೀ ತರಗತಿಯನ್ನು ನಗಿಸುತ್ತಿದ್ದರಂತೆ. ಅಪ್ಪ ಕುಪ್ಪುಸಾಮಿ ಒಂದು ದಿನವೂ ಶಾಲೆಯ ಗೇಟು ದಾಟಿ ಬಂದು ಯಾಕೆ ಎಂದು ಕೇಳಲಿಲ್ಲ. ಮಯಿಲ್‌ಸಾಮಿ ಎಂಟನೆಯ ತರಗತಿಗೆ ಓದು ಬಿಟ್ಟು ಮೋಟಾರಿನ ತಾಮ್ರದ ತಂತಿ ಸುತ್ತಲು ಕೂತ. ತನ್ನ ಮಗಳಿಗೆ ಹಾಗಾಗಬಾರದು, ತಾನು ತನ್ನಪ್ಪನಂತೆ ಕೈಕಟ್ಟಿ ಕೂರಬಾರದು ಎಂಬ ಹಟ ಅಂದಿನದು. ಈ ಹಟ ಕೆಟ್ಟದ್ದು ಎಂದು ಯಾವ ಬಾಯಿಂದ ಹೇಳಲಿ?

ಮನೆಯಲ್ಲಿ ಕನ್ನಡ ನಿಂತಿತು. ಸುಗಂಧಿ ಸುಮ್ಮನೆ ತಲೆಯಾಡಿಸಿದಳು. ಅಜ್ಜಿ ಪಾಟಿಯಾದಳು, ಅನ್ನ ಸಾದವಾಯಿತು. ಪ್ರತಿ ಬೆಳಿಗ್ಗೆ ಶಾಲೆಯ ವ್ಯಾನು ಬರುವ ಮುಂಚೆ ಮಯಿಲ್‌ಸಾಮಿ ಮಗಳ ಎದುರು ಕುಕ್ಕರುಗಾಲಲ್ಲಿ ಕೂತು, ಅವಳ ಕಣ್ಣಲ್ಲಿ ಕಣ್ಣಿಟ್ಟು, ಬೆರಳೆತ್ತಿ ಜೋರಾಗಿ ಹೇಳುತ್ತಿದ್ದ: "ವೀಟ್ಲ ಕನ್ನಡಂ ಪೇಸಕ್ಕೂಡಾದು." ಮನೆಯಲ್ಲಿ ಕನ್ನಡ ಮಾತಾಡಕೂಡದು. ಅದನ್ನೇ ಅವಳಿಂದ ಹೇಳಿಸಿ, ಸರಿಯಾಗಿ ಬರುವ ತನಕ ಬಿಡುತ್ತಿರಲಿಲ್ಲ.

ಜಾನಮ್ಮನಿಗೆ ತಮಿಳು ಬರುತ್ತಿತ್ತು. ಆದರೆ ಮೊಮ್ಮಗಳ ಮುಖ ಕಂಡರೆ ಬಾಯಿಗೆ ಕನ್ನಡವೇ ಬರುತ್ತಿತ್ತು, ಅದೂ ಬೀದಿಗೆ ಕೇಳುವ ದನಿಯಲ್ಲಿ. ಅಡುಗೆಮನೆಯ ಮೂಲೆಗೆ ಕರೆದುಕೊಂಡು ಹೋಗಿ ಗುಟ್ಟಾಗಿ ಮಾತಾಡಲು ಹೊರಟು ಅಲ್ಲೂ ಸಿಕ್ಕಿಬೀಳುತ್ತಿದ್ದಳು. ಕಿವುಡಿಗೆ ಗುಟ್ಟು ಎಲ್ಲಿಂದ ಬರಬೇಕು? ಕೊನೆಗೆ ಮಯಿಲ್‌ಸಾಮಿ ತಾಯಿಯನ್ನು ನೆಗಮದಲ್ಲಿದ್ದ ತನ್ನ ತಂಗಿಯ ಮನೆಗೆ ಬಿಟ್ಟು ಬಂದ. ಹೊರಡುವಾಗ ಆಕೆ ನನ್ನ ಗಲ್ಲ ಹಿಡಿದು, "ಮಗೀಗೆ ನಾನು ಏನ್ ತಪ್ಪು ಮಾಡ್ದೆ ಕಣ್ಣು?" ಎಂದು ಕೇಳಿದಳು. ಕೇಳಿದ್ದು ನನ್ನನ್ನಾದರೂ ಮಗನಿಗೂ ಕೇಳಿಸಿತ್ತು. ಅವನು ಸ್ಕೂಟರ್ ಒರೆಸುತ್ತಲೇ ಇದ್ದ.

ಅಂದಿನಿಂದ ಪಾಠ ಜೋರಾಯಿತು. ಸಂಜೆ ಬೇಗ ಅಂಗಡಿ ಮುಚ್ಚಿ, ಕೈಯ ಗ್ರೀಸನ್ನು ಸೋಪಿನ ಪುಡಿಯಿಂದ ಉಜ್ಜಿ ತೊಳೆದು ಬಂದು ಮಗಳ ಜೊತೆ ಕೂರುತ್ತಿದ್ದ. ಸಿನಿಮಾ ಬಿಟ್ಟ, ಗೆಳೆಯರ ಜೊತೆಯ ಟೀ ಬಿಟ್ಟ. ಮಕ್ಕಳ ಮೇಲೆ ಕೂಗಬೇಡಿ, ಮೆತ್ತಗೆ ಹೇಳಿ ಎಂದು ಪೋಷಕರ ಸಭೆಯಲ್ಲಿ ಹೇಳಿದ್ದರಂತೆ; ಅದನ್ನೂ ಚಾಚೂ ತಪ್ಪದೆ ಪಾಲಿಸಿದ. ಗೋಡೆಗೆ ಅಕ್ಷರದ ಪಟ ಅಂಟಿಸಿ, ಮಗಳನ್ನು ಅದರ ಎದುರು ಕೂರಿಸಿ, ತಾನು ಅವಳ ಬೆನ್ನ ಹಿಂದೆ ನಿಂತು ಮೆತ್ತಗಿನ ದನಿಯಲ್ಲಿ ಒಂದೊಂದೇ ಪದ ಹೇಳುತ್ತಿದ್ದ. ಅವಳು ಗೋಡೆ ನೋಡುತ್ತಿದ್ದಳು. ಎರಡನೆಯ ಸಲ, ಮೂರನೆಯ ಸಲ ಅಷ್ಟೇ ಮೆತ್ತಗೆ ಹೇಳುವನು. ಆಮೇಲೆ ಸ್ಕೇಲಿನ ಏಟು. ಅವಳು ಗಾಬರಿಯಿಂದ ಹಿಂದಿರುಗಿ ನೋಡಿದರೆ, ಗಮನ ಪಟದ ಮೇಲಿರಲಿ ಎಂದು ತಲೆಯನ್ನು ಮತ್ತೆ ಗೋಡೆಗೆ ತಿರುಗಿಸುತ್ತಿದ್ದ. ಒಂದು ದಿನ ನಾನು ತಡೆಯಲಾರದೆ ಇಳಿದು ಹೋಗಿ ಸ್ಕೇಲು ಕಿತ್ತುಕೊಂಡೆ. "ನಾನು ಒಡೀದೆ ಓದ್ರೆ ನಾಳೆ ಊರೇ ಒಡೀತದೆ ಅಕ್ಕಾ," ಎಂದ. ಅವನ ಕಣ್ಣಲ್ಲಿ ನೀರಿತ್ತು.

ಶಾಲೆಯವರು ಉಳಿದ ಅಪ್ಪಂದಿರಿಗೆ ಮಯಿಲ್‌ಸಾಮಿಯನ್ನು ತೋರಿಸುತ್ತಿದ್ದರಂತೆ, ಇವರನ್ನು ನೋಡಿ ಕಲಿಯಿರಿ ಎಂದು.

ಧರಣಿ ನಗುತ್ತಿದ್ದದ್ದು ಅಂಗಡಿಯಲ್ಲಿ ಮಾತ್ರ. ಮೋಟಾರಿನ ಬೇರಿಂಗ್ ಸವೆದಿದೆಯೇ ಎಂದು ನೋಡಲು ಈ ಕೆಲಸದವರು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುವ ಮೋಟಾರಿಗೆ ಒತ್ತಿ, ಹಿಡಿಯನ್ನು ಕಿವಿಯ ಬುಡಕ್ಕೆ ಇಟ್ಟುಕೊಳ್ಳುತ್ತಾರೆ. ಒಳಗಿನ ಸದ್ದು ನೇರ ತಲೆಗೆ ಬರುತ್ತದೆ. ಅಪ್ಪನನ್ನು ನೋಡಿ ಹುಡುಗಿಯೂ ಒಮ್ಮೆ ಹಾಗೆ ಹಿಡಿದಳು. ಹಿಡಿದವಳ ಮುಖ ಅರಳಿತು. ಕಣ್ಣು ಮುಚ್ಚಿಕೊಂಡು ನಿಂತುಬಿಟ್ಟಳು, ಕಿತ್ತುಕೊಂಡರೆ ಅಳು. ಮಗಳು ಇಂಜಿನಿಯರ್ ಆಗುತ್ತಾಳೆ ಎಂದು ಮಯಿಲ್‌ಸಾಮಿ ಬಂದ ಗಿರಾಕಿಗಳಿಗೆಲ್ಲ ಹೇಳಿಕೊಂಡ.

ಮರುವರ್ಷ ನೆಗಮದಲ್ಲಿ ಜಾನಮ್ಮ ಜ್ವರ ಬಂದು ತೀರಿಕೊಂಡಳು. ನಾನೂ ಹೋಗಿದ್ದೆ. ಹೆಣವನ್ನು ಅಂಗಳದಲ್ಲಿ ಮಲಗಿಸಿದ್ದರು, ಹೆಂಗಸರು ಸುತ್ತ ಕೂತು ಅಳುತ್ತಿದ್ದರು. ಧರಣಿ ಜನರ ನಡುವೆ ನುಸುಳಿ ಹೋಗಿ ಅಜ್ಜಿಯ ಪಕ್ಕ ಕೂತು, ಅವಳ ಗಲ್ಲ ಹಿಡಿದು ಮುಖವನ್ನು ತನ್ನ ಕಡೆ ತಿರುಗಿಸಲು ನೋಡಿದಳು. ತಿರುಗಲಿಲ್ಲ. ಮತ್ತೆ ಎರಡೂ ಕೈಯಿಂದ ಹಿಡಿದಳು. ಯಾರೋ ಅವಳನ್ನು ಎತ್ತಿಕೊಂಡು ಹೋದರು. ನಾನು ಅಲ್ಲಿಂದೆದ್ದು ಹಿತ್ತಿಲಿಗೆ ಹೋಗಿ ಬಿಕ್ಕಿ ಬಿಕ್ಕಿ ಅತ್ತೆ.

ಧರಣಿ ಮೂರನೆಯ ತರಗತಿಗೆ ಬಂದಾಗ ಖಾಸಗಿ ಶಾಲೆಯವರು ಇಟ್ಟುಕೊಳ್ಳಲಾರೆವು ಎಂದರು. ಸರ್ಕಾರಿ ಶಾಲೆಗೆ ಸೇರಿಸಿದ ಮೇಲೆ ಅಲ್ಲಿಗೆ ತಪಾಸಣೆಗೆ ಬಂದ ಡಾಕ್ಟರು ಅವಳ ಹಿಂದೆ ನಿಂತು ಚಪ್ಪಾಳೆ ತಟ್ಟಿ ನೋಡಿ, ಅಂದೇ ದೊಡ್ಡಾಸ್ಪತ್ರೆಗೆ ಚೀಟಿ ಬರೆದುಕೊಟ್ಟರು.

ಸುಗಂಧಿಗೆ ಧೈರ್ಯಕ್ಕೆಂದು ನಾನೂ ಜೊತೆಗೆ ಹೋದೆ. ಗಾಜಿನ ಕೋಣೆಯಲ್ಲಿ ಧರಣಿಯನ್ನು ಕೂರಿಸಿದ್ದರು. ಸದ್ದು ಕೇಳಿದರೆ ಕೈಯೆತ್ತಬೇಕು ಎಂದು ಸನ್ನೆಯಲ್ಲಿ ತೋರಿಸಿದ್ದರು. ಕಿವಿಗೆ ಹೆಡ್‌ಫೋನ್ ಹಾಕಿದಾಗ ಬಹಳ ಹೊತ್ತು ಅವಳ ಕೈ ಏಳಲೇ ಇಲ್ಲ. ಆಮೇಲೆ ಅದನ್ನು ತೆಗೆದು, ಕಿವಿಯ ಹಿಂದಿನ ಮೂಳೆಗೆ ಒಂದು ಸಣ್ಣ ಗುಂಡಿಯಂಥದ್ದನ್ನು ಒತ್ತಿ ಇಟ್ಟರು. ಹುಡುಗಿ ಥಟ್ಟನೆ ಕೈಯೆತ್ತಿದಳು. ಅಂಗಡಿಯಲ್ಲಿ ನಕ್ಕ ಅದೇ ನಗು ನಕ್ಕಳು.

ಮಯಿಲ್‌ಸಾಮಿ ಗಾಜಿಗೆ ಹಣೆ ಒತ್ತಿ ನಿಂತಿದ್ದ. "ಸ್ಕ್ರೂಡ್ರೈವರು," ಎಂದ, ಯಾರಿಗೂ ಅಲ್ಲದಂತೆ.

ಡಾಕ್ಟರಮ್ಮ ಬಿಡಿಸಿ ಹೇಳಿದರು. ಒಳಗಿನ ನರ ಚೆನ್ನಾಗಿದೆ, ಮೂಳೆಯ ಮೂಲಕ ಕೊಟ್ಟ ಸದ್ದು ಕೇಳುತ್ತದೆ. ಕೀವು ಕಟ್ಟಿ ಕಟ್ಟಿ ಕಿವಿಯ ತಮಟೆ ಹಾಳಾಗಿ, ಹೊರಗಿನ ಸದ್ದು ಒಳಕ್ಕೆ ಹೋಗುತ್ತಿರಲಿಲ್ಲ. ಹತ್ತಿರದಿಂದ ಎದುರೆದುರು ಜೋರಾಗಿ ಹೇಳಿದ್ದಷ್ಟೇ ಕೇಳುತ್ತಿತ್ತು. ಚಿಕ್ಕಂದಿನಲ್ಲೇ ತಂದಿದ್ದರೆ ಸುಲಭವಿತ್ತು. ಈಗ ಕಿವಿಗೆ ಯಂತ್ರ ಹಾಕೋಣ, ಮುಂದೆ ಆಪರೇಷನ್ ನೋಡೋಣ, ಸದ್ದು ಕೇಳುತ್ತದೆ. ಆದರೆ ಮಾತು ತಲೆಯೊಳಗೆ ತುಂಬಿಕೊಳ್ಳುವ ವಯಸ್ಸು ಬಹಳಷ್ಟು ಕಳೆದುಹೋಗಿದೆ, ಎಷ್ಟು ಬರುತ್ತದೋ ಹೇಳಲಾರೆ ಎಂದರು. ಮನೆಯಲ್ಲಿ ಯಾವ ಭಾಷೆ ಎಂದು ಅವರೂ ಕೇಳಿದರು. ಕನ್ನಡ ಎಂದು ಸುಗಂಧಿ ಹೇಳಿದಳು. "ಹಾಗಾದರೆ ಅದರಲ್ಲೇ ಶುರು ಮಾಡಿ. ನಿಮಗೆ ಸಲೀಸಾದ ಮಾತಲ್ಲಿ, ಅವಳ ಮುಖ ನೋಡಿಕೊಂಡು, ದಿನವಿಡೀ ಮಾತಾಡಿ. ಅಜ್ಜಿ ಇದ್ದರೆ ಇನ್ನೂ ಒಳ್ಳೆಯದು," ಎಂದರು ಡಾಕ್ಟರಮ್ಮ. ಅಷ್ಟು ಒಳ್ಳೆಯ ಮಾತಿಗೆ ಅಷ್ಟು ಸಿಟ್ಟು ನನಗೆ ಎಂದೂ ಬಂದಿರಲಿಲ್ಲ.

ಯಂತ್ರ ಹಾಕಿಸಿಕೊಂಡು ಬಂದ ದಿನ ನಾನೂ ಅಲ್ಲಿದ್ದೆ. ಸುಗಂಧಿ ತಟ್ಟೆಗೆ ಅನ್ನ ಬಡಿಸಿದಳು. ಚಮಚದ ಸದ್ದಿಗೆ ಧರಣಿ ಬೆಚ್ಚಿ ಬೆಚ್ಚಿ ನೋಡುತ್ತಿದ್ದಳು. ಮಯಿಲ್‌ಸಾಮಿ ಮಗಳ ಎದುರು ಕುಕ್ಕರುಗಾಲಲ್ಲಿ ಕೂತು, ತನ್ನ ತಾಯಿ ಹಿಡಿಯುತ್ತಿದ್ದಂತೆ ಅವಳ ಗಲ್ಲ ಹಿಡಿದ. ಎಷ್ಟೋ ವರ್ಷಗಳ ಮೇಲೆ ಮಗಳ ಜೊತೆ ಅವನ ಬಾಯಿಂದ ಕನ್ನಡ ಬಂತು.

"ಅಮ್ಮಿಣಿ, ನೋಡು. ಅನ್ನ. ಅನ್ನ ಅನ್ನು."

ಧರಣಿಯ ಮುಖ ಹೆದರಿಕೆಯಿಂದ ಬಿಳಿಚಿಕೊಂಡಿತು. ಗೋಡೆಯ ಮೇಲಿನ ಪಟವನ್ನು ನೋಡಿದಳು, ಸ್ಕೇಲು ತೂಗುಹಾಕಿದ್ದ ಮೊಳೆಯನ್ನು ನೋಡಿದಳು. ಆಮೇಲೆ ಅಪ್ಪನಂತೆಯೇ ಬೆರಳೆತ್ತಿ ಹೇಳಿದಳು:

"ವೀಟ್ಲ ಕನ್ನಡಂ ಪೇಸಕ್ಕೂಡಾದು."

ಒಂದು ಅಕ್ಷರವೂ ತೊದಲಲಿಲ್ಲ. ಮಯಿಲ್‌ಸಾಮಿ ಕಲಿಸಿದ್ದರಲ್ಲಿ ಅವಳಿಗೆ ಪೂರ್ತಿ ಬಂದದ್ದು ಆ ಒಂದು ವಾಕ್ಯ ಮಾತ್ರ.