ಏಳು ಮೆಟ್ಟಿಲಿನ ಲೆಕ್ಕ

ಶಿಯಾಂಗ್ ಕೆಫು ಮೂವತ್ತೊಂದು ವರ್ಷ ಲುಶಿ ಪಟ್ಟಣದ ನದಿ ಅಳೆದವನು. ಸೇತುವೆ ಕಂಬದ ಅಳತೆಪಟ್ಟಿ ಓದಿ ಮೇಲಿನ ಕಚೇರಿಗೆ ಮೀಟರಿನಲ್ಲಿ ತಿಳಿಸುವುದು ಅವನ ಕೆಲಸ. ಊರಿನವರಿಗೆ ಮೀಟರು ಯಾರಿಗೆ ಬೇಕು! ಅವರದೆಲ್ಲ ಹೊಳೆದಂಡೆಯ ಕಲ್ಲುಮೆಟ್ಟಿಲಿನ ಲೆಕ್ಕ. ಹರೆಯದಲ್ಲಿ ಕೆಫುವೇ ಹಳೆಯ ಪ್ರವಾಹಗಳ ಅಂಕಿ ತೆಗೆದು ಹೇಳಿಕೊಟ್ಟಿದ್ದ: ನೀರಿನ ಮೇಲೆ ಏಳಕ್ಕಿಂತ ಹೆಚ್ಚು ಮೆಟ್ಟಿಲು ಕಾಣುವ ತನಕ ಭಯವಿಲ್ಲ, ಏಳಕ್ಕೆ ಬಂತೋ ಗಂಟುಮೂಟೆ ಕಟ್ಟಿ. ಆ ಮಾತು ಎಷ್ಟೋ ಜೀವ ಉಳಿಸಿತು, ಸುಳ್ಳಲ್ಲ.

ಹೋದ ವರ್ಷ ಪ್ರವಾಸಿಗರು ಬರಲೆಂದು ಆ ಹಳೆಯ ಮೆಟ್ಟಿಲುಗಳನ್ನು ಕಿತ್ತು ಹೊಸ ಮೆಟ್ಟಿಲು ಹಾಸಿದರು. ಮುದುಕಿಯರೂ ಸಲೀಸಾಗಿ ಹತ್ತುವಂಥವು; ಎರಡು ಸೇರಿದರೆ ಹಳೆಯದೊಂದರ ಎತ್ತರ. ಇನ್ನು ಏಳಲ್ಲ, ಹದಿನಾಲ್ಕು ಎಂದು ಕೆಫು ಬೀದಿ ಬೀದಿ ಸುತ್ತಿ ಹೇಳಿದ. ಗೋರ್ಕಲ್ಲ ಮೇಲೆ ಮಳೆ ಸುರಿದಂತಾಯಿತು. ಮೂವತ್ತು ವರ್ಷದ ಬಾಯಿಪಾಠ ಅಷ್ಟು ಸುಲಭವಾಗಿ ಹೋಗುತ್ತದೆಯೇ?

ಜುಲೈ ಆರರ ಮಧ್ಯಾಹ್ನ, ನದಿಯ ಮೇಲ್ಭಾಗದಲ್ಲಿ ಎರಡೇ ಗಂಟೆಯಲ್ಲಿ ನೀರು ಮೂರು ಮೀಟರು ಏರಿದ ಸುದ್ದಿ ಬಂತು. ಕೆಫು ಲೆಕ್ಕ ಹಾಕಿದ: ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಕೆಳಬೀದಿ ಮುಳುಗುತ್ತದೆ. ಕೂಡಲೇ ಪಟ್ಟಣದ ಕಚೇರಿಗೆ ತಿಳಿಸಿದ. ಧ್ವನಿವರ್ಧಕ ಮೀಟರು ಮೀಟರು ಎಂದು ಕೂಗಿತು. ಜನ ಹೋಗಿ ಮೆಟ್ಟಿಲು ಎಣಿಸಿ ಬಂದರು. ಹತ್ತು ಕಾಣುತ್ತಿದ್ದವು.

ಕೆಳಬೀದಿಯಲ್ಲೇ ಅವನ ಅಕ್ಕ ಗುಯಿಝೆನ್‌ಳ ತೋಫು ಅಂಗಡಿ. ಕೆಫು ಓಡಿದ. ಮಂಡಿನೋವಿನ ಹೆಂಗಸು, ಒಲೆಯ ಮುಂದೆ ಸೋಯಾ ಹಾಲು ಕಾಯಿಸುತ್ತ ಕೂತಿದ್ದಳು.

"ನಡಿ ಅಕ್ಕ, ಮೇಲ್ಬೀದಿಗೆ ಹೋಗೋಣ."

"ಇನ್ನೂ ಹತ್ತಿದೆಯಲ್ಲೋ. ಹಾಲು ಅರ್ಧ ಕಾದಿದೆ, ಚೆಲ್ಲಿ ಬರ್ಲಾ?"

"ಇವು ಹಳೇ ಮೆಟ್ಟಿಲಲ್ಲ ಕಣಕ್ಕ. ಹಳೇ ಲೆಕ್ಕದಲ್ಲಿ ಐದೇ ಉಳಿದಿರೋದು."

"ಏಳು ಅಂತ ಹೇಳ್ಕೊಟ್ಟೋನು ನೀನೇ ತಾನೇ? ಈಗ ನಿಂಗೇ ಅನುಮಾನ. ವಯಸ್ಸಾಯ್ತು ಕಣೋ ನಿಂಗೆ. ಏಳಕ್ಕೆ ಬರ್ಲಿ, ಬರ್ತೀನಿ."

ತಾನು ಕೊಟ್ಟ ಕೋಲಿನಿಂದ ತನಗೇ ಏಟು. ಕೈಹಿಡಿದು ಎಳೆದ, ಕೊಸರಿಕೊಂಡಳು. ಇವಳನ್ನು ಹೊತ್ತಾದರೂ ತನ್ನಿ ಎಂದು ಪಕ್ಕದ ಅಂಗಡಿಯವರಿಗೆ ಕೈಮುಗಿದ. ಅವರೂ ಏಳಕ್ಕೆ ಬರಲಿ ಎಂದರು. ಅರ್ಧ ಗಂಟೆಗೊಮ್ಮೆ ಅವನ ಅಳತೆ ಹೋಗದಿದ್ದರೆ ಕೆಳಗಿನ ಮೂರು ಊರುಗಳಿಗೆ ಎಚ್ಚರಿಕೆಯೇ ಮುಟ್ಟುವುದಿಲ್ಲ. ಅಕ್ಕನನ್ನು ಅಲ್ಲೇ ಬಿಟ್ಟು ಸೇತುವೆಗೆ ಹಿಂದಿರುಗಿದ.

ಮೂರೂವರೆಗೆ ಬರೆದ, ನಾಲ್ಕಕ್ಕೆ ಬರೆದ. ನಾಲ್ಕೂ ಹತ್ತಕ್ಕೆ ಬರೆಯಬೇಕಿರಲಿಲ್ಲ, ಆದರೂ ನೋಡಿದ. ಕೆಳಬೀದಿ ಮುಳುಗುವ ಗೆರೆಯನ್ನು ನೀರು ಸರಿಯಾಗಿ ಅವನು ಹೇಳಿದ ಹೊತ್ತಿಗೇ ಮುಟ್ಟಿತ್ತು. ಕೆಳಬೀದಿಯಲ್ಲಿ ಸತ್ತ ಹದಿನೇಳು ಜನರಲ್ಲಿ ಗುಯಿಝೆನ್ ಕೊನೆಗೆ ಸಿಕ್ಕಳು.

ಚಳಿಗಾಲದಲ್ಲಿ ಕಚೇರಿಯವನೊಬ್ಬ ಪ್ರಶಂಸಾಪತ್ರ ತಂದ. ಅವನ ಅಂದಾಜು ಒಂದು ನಿಮಿಷವೂ ತಪ್ಪಲಿಲ್ಲವೆಂದು ಅದರಲ್ಲಿ ಹೊಗಳಿದ್ದರು. ಕೆಫು ಎರಡು ಸಲ ಓದಿದ.

"ನನ್ನ ಲೆಕ್ಕ ಅದೊಂದು ಸಲ ತಪ್ಪಿದ್ರೆ ಏನಾಗ್ತಿತ್ತಪ್ಪಾ?" ಎಂದು ಪತ್ರ ತಂದವನನ್ನೇ ಕೇಳಿದ.