ನೀರುನಾಯಿಗಳು ನೋಡಿದ ಕಡೆ

ಸಮುದ್ರದಲ್ಲಿ ಸೀಲ್‌ಗಳ ಜೊತೆ ಮುಳುಗಿ ಫೋಟೊ ತೆಗೆಯುವವರನ್ನು ಟಿ.ವಿ.ಯಲ್ಲಿ ನೋಡಿದಾಗ ನನಗೆ ನಮ್ಮ ಹೊಳೆಯ ನೀರುನಾಯಿಗಳು ನೆನಪಾದವು; ನಾನೂ ಹಾಗೆ ತೆಗೆಯಬೇಕು ಅನ್ನಿಸಿತು. ಆಗ ಕನಕಪುರದಲ್ಲಿ ನನ್ನದೊಂದು ಸ್ಟುಡಿಯೋ ಇತ್ತು. ಮದುವೆ, ನಾಮಕರಣ, ಪಾಸ್‌ಪೋರ್ಟ್ ಅಳತೆಯ ಮುಖಗಳು. ನನ್ನ ಅಕ್ಕನ ಗಂಡ, ಭಾವ, ಹೊಸ ಕಾರ್ಖಾನೆಯೊಂದರ ಪಂಪಿನ ಜಾಲರಿಗೆ ನದಿಯೊಳಗೆ ಕಟ್ಟಿಕೊಳ್ಳುವ ಕಸ ಬಿಡಿಸುವ ಗುತ್ತಿಗೆ ಹಿಡಿದಿದ್ದರು. ಹಾಗಾಗಿ ಉಸಿರಾಟದ ಸಿಲಿಂಡರು ಅವರ ಮನೆಯಲ್ಲೇ ಇತ್ತು, ಗ್ಯಾಸ್ ಸಿಲಿಂಡರಿನ ಪಕ್ಕದಲ್ಲಿ.

ಅರ್ಕಾವತಿ ಆ ಹೊತ್ತಿಗಾಗಲೇ ನೊರೆ ಹೊತ್ತು ಬರುತ್ತಿತ್ತು. ಅದರೊಳಗೆ ಇಟ್ಟ ಕೈ ಕಾಣುತ್ತಿರಲಿಲ್ಲ. ಅದು ಕಾವೇರಿಗೆ ಸೇರುವ ಸಂಗಮ ಬಿಟ್ಟು ನಾನೂ ಭಾವನೂ ಕಾವೇರಿಯಲ್ಲಿ ಮೇಲಕ್ಕೆ ಹೋದೆವು, ಹರಿಗೋಲಿನಲ್ಲಿ. ಅಲ್ಲೊಂದು ತಿಳಿನೀರಿನ ಮಡು. ಎದುರು ದಡದ ಬಂಡೆಯ ಮೇಲೆ ಮೊಸಳೆಯೊಂದು ಬಿಸಿಲಿಗೆ ಮೈ ಕಾಯಿಸುತ್ತಿತ್ತು.

“ಅದು ಅಲ್ಲೇ ಇರೋಗಂಟ ನಮ್ಗೇನಿಲ್ಲ,” ಎಂದರು ಭಾವ, ನನ್ನ ಸೊಂಟಕ್ಕೆ ಹಗ್ಗ ಕಟ್ಟುತ್ತ. “ನೀನು ನೀರ್ನಾಯಿ ನೋಡ್ಕ, ನಾನು ಅದ್ನ ನೋಡ್ಕತೀನಿ. ಅದೇನಾರ ನೀರಿಗಿಳುದ್ರೆ ಹಗ್ಗ ಎಳೀತೀನಿ, ತಟ್ಟಂತ ಎದ್ಬುಡು. ನಿಮ್ಮಕ್ಕಂಗೆ ಉತ್ರ ಹೇಳೋನು ನಾನು.”

ನೀರು ಹೋಗದ ಪೆಟ್ಟಿಗೆಯಲ್ಲಿ ಕ್ಯಾಮೆರಾ ಹಿಡಿದು ತಳದ ಮರಳಿನ ಮೇಲೆ ಮಂಡಿಯೂರಿ ಕಾದೆ. ಬಹಳ ಹೊತ್ತು ಮೀನುಗಳಷ್ಟೇ. ಆಮೇಲೆ ನೀರುನಾಯಿಗಳು ಬಂದವು, ತುಪ್ಪಳಕ್ಕೆ ಅಂಟಿದ ಗಾಳಿಗುಳ್ಳೆಗಳಿಂದ ಬೆಳ್ಳಗೆ ಹೊಳೆಯುತ್ತ. ನನ್ನನ್ನು ಕಂಡು ಓಡಲಿಲ್ಲ. ಒಂದರ ಪಕ್ಕ ಒಂದು ಬಂದು ನನ್ನತ್ತ ಮುಖ ಮಾಡಿದವು, ಹೆಣ್ಣಿನ ಕಡೆಯವರು ಗ್ರೂಪ್ ಫೋಟೊಗೆ ನಿಂತ ಹಾಗೆ. ಇಷ್ಟು ಹೇಳಿದ ಮಾತು ಕೇಳುವ ಗಿರಾಕಿಗಳು ನನಗೆ ಸಿಕ್ಕಿರಲಿಲ್ಲ. ನಾನು ಏನೂ ಹೇಳಿರಲಿಲ್ಲ.

ಹಗ್ಗ ಜಗ್ಗಿತು.

ಮದುವೆ ಮನೆಯಲ್ಲಿ ನಾನು ಕ್ಯಾಮೆರಾ ಕಣ್ಣಿಗಿಟ್ಟರೆ ಸಾಕು, ಯಾರಾದರೊಬ್ಬರು ತೋಳು ಎಳೆಯುತ್ತಾರೆ. ಅತ್ತೆ ಇನ್ನೂ ಬಂದಿಲ್ಲ, ಮಗುವಿನದೊಂದು ತೆಗಿ. ತಿರುಗದೆಯೇ ಒಂದು ಬೆರಳು ಎತ್ತಿ ತೋರಿಸುವುದು ನನ್ನ ಅಭ್ಯಾಸ: ಒಂದು ನಿಮಿಷ. ನೀರೊಳಗೂ ಬೆರಳು ಎತ್ತಿದೆ. ಇನ್ನೊಂದು ಫೋಟೊ ತೆಗೆದೆ.

ಮುಂದಿನ ಎಳೆತಕ್ಕೆ ನಾನು ಬೆನ್ನು ಮೇಲಾಗಿ ಎದ್ದೆ. ಹರಿಗೋಲಿನ ಅಂಚಿಗೆ ಹೊಟ್ಟೆ ಕೊಟ್ಟು ನೇತಾಡುತ್ತಿದ್ದಾಗ ಕೆಳಗೆ, ನಾನು ಮಂಡಿಯೂರಿದ್ದ ಮರಳಿನ ಮೇಲೆ, ಮೊಸಳೆ ಅವಸರವಿಲ್ಲದೆ ಹಾದುಹೋಯಿತು. ನೀರುನಾಯಿಗಳು ತಲೆ ಎತ್ತಿ ಚೀರುತ್ತ ಅದರ ಬಾಲದ ಹಿಂದೆ ಹೋದವು.

“ಜೀವ ಹೋಗೋ ಟೈಮಲ್ಲಿ ಒಂದಕ್ಕೆ ಹೋಗ್ಬೇಕು ಅಂತ ಬೆರಳೆತ್ತೀಯೇನ್ಲಾ, ಇಸ್ಕೂಲ್ ಐಕ್ಳಂಗೆ!” ಎಂದರು ಭಾವ, ನನ್ನನ್ನು ಹರಿಗೋಲಿನೊಳಕ್ಕೆ ಎಳೆದುಕೊಳ್ಳುತ್ತ.

“ಎಲ್ಲಾ ನನ್ನೇ ನೋಡ್ತಿದ್ವು ಭಾವ,” ಎಂದೆ.

“ನಿನ್ನಾ?” ಎಂದವರು ಹುಟ್ಟು ಹಿಡಿದು ಹರಿಗೋಲನ್ನು ದಡದತ್ತ ತಿರುಗಿಸಿದರು.

ಸ್ಟುಡಿಯೋದಲ್ಲಿ ಫೋಟೊಗಳನ್ನು ದೊಡ್ಡದು ಮಾಡಿ ನೋಡಿದೆ. ಒಂದೂ ಕಣ್ಣು ಲೆನ್ಸಿನತ್ತ ಇಲ್ಲ. ಎಲ್ಲವೂ ನನ್ನ ಎಡಭುಜದ ಆಚೆ ನೋಡುತ್ತಿವೆ. ಹಗ್ಗ ಜಗ್ಗಿದ ಮೇಲೆ ತೆಗೆದದ್ದರಲ್ಲಿ ಆ ನೋಟ ಭುಜಕ್ಕೆ ಇನ್ನಷ್ಟು ಹತ್ತಿರ.

ಈಗ ಯಾರು ತೋಳು ಎಳೆದರೂ ಒಡನೆ ತಿರುಗುತ್ತೇನೆ. ಈಚೆಗೆ ಮಾಗಡಿಯ ಮದುವೆಯೊಂದರಲ್ಲಿ ಧಾರೆಯ ಹೊತ್ತಿಗೆ ತೋಳು ಜಗ್ಗಿತು. ಕ್ಯಾಮೆರಾ ಇಳಿಸಿ ಹಿಂದೆ ನೋಡಿದೆ, ನೆಲವನ್ನೂ ನೋಡಿದೆ. ಹೆಣ್ಣಿನ ಸೋದರಮಾವ.

“ತಿಂಡಿ ಆಯ್ತಾ, ಫೋಟೊದವ್ರೇ?”

ಆಗಿದೆ ಎಂದು ಹೇಳಿ ತಿರುಗುವಷ್ಟರಲ್ಲಿ ಧಾರೆ ಎರೆದಾಗಿತ್ತು.